ಬಾವೊಜು ಮತ್ತು ಮೂರನೆಯ ಎಂಟು ಮನೆಗಳು

ಕೆ ಬಾವೊಜು ಎಂಬ ಹೆಂಗಸಿನ ಬಗ್ಗೆ ಯಾರಾದರೂ ಬರೆಯುವುದಾದರೆ ಅದು ನಾನಾಗಬಾರದಿತ್ತು. ನಮ್ಮ ಕಾರ್ಖಾನೆಯಲ್ಲಿ ಅವಳನ್ನು ಮೆಚ್ಚುವವರು ಇಪ್ಪತ್ತಾರು ಜನ ಇದ್ದರು, ಇಪ್ಪತ್ತೇಳನೆಯವಳು ನಾನು. ಆದರೆ ಅವಳು ಊಟದ ಡಬ್ಬಿಯ ಯಾವ ಮೂಲೆಯಿಂದ ತಿನ್ನಲು ಶುರು ಮಾಡುತ್ತಿದ್ದಳು, ನಗುವ ಮುಂಚೆ ಕತ್ತನ್ನು ಯಾವ ಕಡೆಗೆ ವಾಲಿಸುತ್ತಿದ್ದಳು ಎಂದು ಆ ಇಪ್ಪತ್ತಾರು ಜನರನ್ನು ಕೇಳಿ, ಒಬ್ಬರಿಗೂ ಗೊತ್ತಿರುವುದಿಲ್ಲ. ನನಗೆ ಗೊತ್ತು. ಹೊಟ್ಟೆಕಿಚ್ಚು ಪಡುವವರಷ್ಟು ಗಮನವಿಟ್ಟು ಯಾರೂ ಯಾರನ್ನೂ ನೋಡುವುದಿಲ್ಲ.

ಆ ಕೆಲಸ ಬಿಟ್ಟು ಈಗ ಬಹಳ ವರ್ಷವಾಯಿತು. ಆಗ ನಮ್ಮ ಕಂಪನಿ ತೈಪೆಯಿಂದ ಸೇತುವೆ ದಾಟಿದರೆ ಸಿಗುವ ಜೊಂಗ್‌ಹದಲ್ಲಿ, ಒಂದು ಕಾರ್ಖಾನೆ ಕಟ್ಟಡದ ಐದನೆಯ ಮಹಡಿಯಲ್ಲಿತ್ತು. ಕೆಳಗಿನವರು ಛತ್ರಿಯ ಹಿಡಿ ಮಾಡುತ್ತಿದ್ದರು, ಮೇಲಿನವರು ಮೀನಿನ ಉಂಡೆ ಪ್ಯಾಕ್ ಮಾಡುತ್ತಿದ್ದರು, ಹಾಗಾಗಿ ಲಿಫ್ಟು ಸದಾ ನಾರುತ್ತಿತ್ತು. ನಾವು ಮಾಡುತ್ತಿದ್ದುದು ಕಂಪ್ಯೂಟರಿಗೆ ಸಿಕ್ಕಿಸುವ ಬ್ರೈಲ್ ಪಟ್ಟಿ. ಒಂದು ಮೊಳ ಉದ್ದದ ಪೆಟ್ಟಿಗೆ, ಅದರ ಮೇಲೆ ಸಾಲಾಗಿ ನಲವತ್ತು ಮನೆ, ಮನೆಯೊಂದಕ್ಕೆ ಎಂಟು ಪುಟ್ಟ ಮೊಳೆ. ಪರದೆಯ ಮೇಲಿನ ಸಾಲನ್ನು ಕಂಪ್ಯೂಟರ್ ತಂತಿಯ ಮೂಲಕ ಕಳಿಸುತ್ತದೆ, ಮೊಳೆಗಳು ಏಳುತ್ತವೆ, ಕಣ್ಣಿಲ್ಲದವರು ಬೆರಳಾಡಿಸಿ ಓದುತ್ತಾರೆ. ಆ ತಂತಿಯ ಮೇಲೆ ನಡೆಯುವ ಮಾತುಕತೆಯನ್ನು ಪಟ್ಟಿಯ ಪರವಾಗಿ ಬರೆದವಳು ನಾನು, ವೆಂಗ್ ಪೇಜುನ್. ಒಂದು ವರ್ಷ ಎರಡು ತಿಂಗಳು, ಒಬ್ಬಳೇ ಕೂತು ಬರೆದೆ.

ಆ ಮಾತುಕತೆಯ ಕಟ್ಟುಪಾಡು ಬಹಳ ಬಿಗಿ. ಕಂಪ್ಯೂಟರ್ ಕೇಳದೆ ಪಟ್ಟಿ ಬಾಯಿ ತೆರೆಯುವಂತಿಲ್ಲ. ಯಾರೋ ಗುಂಡಿ ಒತ್ತಿದರೂ ತಾನಾಗಿ ಹೇಳುವಂತಿಲ್ಲ. ಕಂಪ್ಯೂಟರ್ ಕ್ಷಣಕ್ಷಣಕ್ಕೂ ‘ಏನಾದರೂ ಇದೆಯಾ’ ಎಂದು ಕೇಳುತ್ತಿರುತ್ತದೆ, ಪಟ್ಟಿ ‘ಇಲ್ಲ, ಇಲ್ಲ’ ಎನ್ನುತ್ತಿರುತ್ತದೆ, ಇದ್ದಾಗ ಮಾತ್ರ ‘ಇದೆ, ತಗೋ’ ಎನ್ನುತ್ತದೆ. ಕಂಪ್ಯೂಟರ್ ಕಳಿಸುವ ಸಾಲು ಪ್ಯಾಕೆಟ್ಟುಗಳಾಗಿ ಬರುತ್ತದೆ. ನಮ್ಮ ಪಟ್ಟಿಯಲ್ಲಿ ಒಂದು ಪ್ಯಾಕೆಟ್ಟಿಗೆ ಎಂಟು ಮನೆ, ನಲವತ್ತು ಮನೆಯ ಸಾಲಿಗೆ ಐದು ಪ್ಯಾಕೆಟ್. ಒಂದೊಂದಕ್ಕೂ ಪಟ್ಟಿ ‘ಸಿಕ್ಕಿತು’ ಎಂದು ಉತ್ತರ ಕೊಡಬೇಕು, ಕೊಡದಿದ್ದರೆ ಕಂಪ್ಯೂಟರ್ ಅದನ್ನೇ ಮತ್ತೆ ಕಳಿಸುತ್ತದೆ. ಯಾರೂ ಯಾರ ಮಾತಿನ ಮಧ್ಯೆ ಮೂಗು ತೂರಿಸುವುದಿಲ್ಲ. ನನಗೆ ಆ ಶಿಸ್ತು ಬಹಳ ಹಿಡಿಸಿತ್ತು.

ಬಾವೊಜು ಬಂದದ್ದು ನನ್ನ ಕೆಲಸ ಮುಗಿಯುತ್ತಾ ಬಂದಾಗ. ನಮ್ಮ ಯಜಮಾನರಾದ ತು ಎಂಬವರೇ ಕೈಹಿಡಿದು ಲಿಫ್ಟಿನಿಂದ ಕರೆತಂದರು. ನಲವತ್ತಾರರ ಹೆಂಗಸು, ಗಿಡ್ಡ, ಬಲವಾದ ತೋಳು, ಕತ್ತರಿಸಿದ ಕೂದಲು. ಉಪ್ಪಿನ ಗದ್ದೆಗಳ ಊರಾದ ಬುದಾಯ್‌ನವಳು. ಐದನೆಯ ವಯಸ್ಸಿನಲ್ಲಿ ದಡಾರ ಬಂದು ಕಣ್ಣು ಹೋಗಿತ್ತು. ಹದಿನೇಳಕ್ಕೆ ತೈಪೆಗೆ ಬಂದು ವಾನ್‌ಹುವಾದ ಒಂದು ಮಾಲೀಸಿನ ಅಂಗಡಿ ಸೇರಿದವಳು ಇನ್ನೂ ಅಲ್ಲೇ ಇದ್ದಳು. ಆಗ ನಮ್ಮಲ್ಲಿ ಮಾಲೀಸು ಮಾಡುವ ಹಕ್ಕು ಕಾನೂನಿನ ಪ್ರಕಾರ ಕಣ್ಣಿಲ್ಲದವರಿಗೆ ಮಾತ್ರ.

"ಎಂಥಾ ಉಪಕಾರ ನೋಡು," ಎಂದು ಅವಳು ಮೊದಲ ದಿನವೇ ಎಲ್ಲರೆದುರು ನನಗೆ ಹೇಳಿದ್ದಳು. "ಒಂದು ಬಾಗ್ಲು ನಮಗೇ ಅಂತ ತೆಗೆದಿಟ್ಟು, ಮಿಕ್ಕಿದ್ದಕ್ಕೆಲ್ಲ ಚಿಲಕ ಹಾಕಿದ್ರು ಕಣೇ."

ಎಲ್ಲರೂ ನಕ್ಕರು. ಬಂದ ಅರ್ಧ ಗಂಟೆಯಲ್ಲಿ ಎಲ್ಲರನ್ನೂ ನಗಿಸಿದ್ದಳು. ನಾನು ಆ ಕಂಪನಿಗೆ ಸೇರಿ ನಾಲ್ಕು ವರ್ಷವಾಗಿತ್ತು, ನನ್ನ ಮಾತಿಗೆ ಒಂದು ಬೆಕ್ಕೂ ನಕ್ಕಿರಲಿಲ್ಲ.

ಅವಳ ಕೆಲಸ ಸುಲಭ. ವಾರದಲ್ಲಿ ಮೂರು ದಿನ ಬಂದು ಪಟ್ಟಿಯ ಮೇಲೆ ಏನಾದರೂ ಓದುತ್ತಾ ಕೂರುವುದು, ತಪ್ಪು ಕಂಡರೆ ಹೇಳುವುದು. ನನ್ನ ಮೇಜಿನ ಮೇಲೆ ಕದ್ದು ಕೇಳುವ ಪೆಟ್ಟಿಗೆ ಒಂದಿತ್ತು. ಅದನ್ನು ತಂತಿಯ ಮಧ್ಯೆ ಸಿಕ್ಕಿಸಿದರೆ ಹೋಗಿಬರುವ ಪ್ರತಿ ಪ್ಯಾಕೆಟ್ಟನ್ನೂ ಹಿಡಿದು ಸಾಲುಸಾಲಾಗಿ ಬರೆದು ತೋರಿಸುತ್ತದೆ. ಅದನ್ನು ಓದಬಲ್ಲವಳು ಆ ಮಹಡಿಯಲ್ಲಿ ನಾನೊಬ್ಬಳೇ. ಬಾವೊಜು ಬರುವ ತನಕ ಯಜಮಾನರು ಬೆಳಿಗ್ಗೆ ಬಂದವರೇ ನೇರ ನನ್ನ ಮೇಜಿಗೆ ಬರುತ್ತಿದ್ದರು. ಅವಳು ಬಂದ ಮೇಲೆ ನನ್ನ ಹಿಂದಿನಿಂದ ಹಾದುಹೋಗಿ ಅವಳ ಕುರ್ಚಿಯ ಪಕ್ಕ ಮೊಣಕಾಲೂರಿ ಕೂತು, "ಇವತ್ತು ಹೇಗಿದೆ ಬಾವೊಜು?" ಎನ್ನುತ್ತಿದ್ದರು. ನಾನು ವಾರವಿಡೀ ಕೂತು ಮಾಡಿದ ವರದಿ ಕೈಗೆ ಕೊಟ್ಟರೆ, "ಬಾವೊಜು ಏನಂದ್ಲು?" ಎಂಬುದೇ ಮೊದಲ ಪ್ರಶ್ನೆ. ಆವಿಯಲ್ಲಿ ಬೇಯಿಸಿದ ಬನ್ನಿನ ಬುಟ್ಟಿ ಬಂದರೆ ಮೊದಲನೆಯದು ಅವಳ ಕೈಗೆ. ಚಾಂದ್ರ ತಿಂಗಳ ಎರಡನೆಯ ಮತ್ತು ಹದಿನಾರನೆಯ ದಿನ ಲಿಫ್ಟಿನ ಮುಂದೆ ಮೇಜು ಹಾಕಿ, ಹಣ್ಣು, ಬಿಸ್ಕತ್ತು ಇಟ್ಟು ನೆಲದ ದೇವರಿಗೆ ಊದುಬತ್ತಿ ಹಚ್ಚುವುದು ನಮ್ಮಲ್ಲಿ ರೂಢಿ. ಮೊದಲ ಊದುಬತ್ತಿ ಯಜಮಾನರದು, ಎರಡನೆಯದು ಮುಖ್ಯ ಎಂಜಿನಿಯರಾದ ನನ್ನದು. ಬಾವೊಜು ಬಂದ ತಿಂಗಳಿನಿಂದ ಎರಡನೆಯದು ಅವಳದಾಯಿತು. ನಾನು ಮೂರನೆಯವಳಾಗಿ ನಿಂತು, ದೇವರ ಮುಂದೆ ಏನು ಬೇಡಿಕೊಂಡೆ ಎಂದು ಇಲ್ಲಿ ಬರೆಯುವುದಿಲ್ಲ.

ಏಪ್ರಿಲ್ ತಿಂಗಳಲ್ಲಿ ಒಂದು ಮಧ್ಯಾಹ್ನ ಅವಳು ನನ್ನನ್ನು ಕರೆದಳು.

"ಪೇಜುನ್, ಇಲ್ಲಿ ಬಾ. ಮೂರನೇ ಎಂಟು ಮನೆ ಹಳೇದಾಗೇ ಉಳ್ಕೊಳ್ತಿದೆ."

"ಹಳೇದು ಅಂದ್ರೆ ಏನಕ್ಕ?"

"ಸಾಲು ಬದಲಾಗತ್ತೆ. ಆದ್ರೆ ಹದಿನೇಳನೇ ಮನೆಯಿಂದ ಇಪ್ಪತ್ತನಾಲ್ಕರ ತನಕ ಹಿಂದಿನ ಸಾಲಿನ ಅಕ್ಷರಗಳೇ ನಿಂತಿರ್ತವೆ. ಯಾವಾಗ್ಲೂ ಅಲ್ಲ. ನೂರು ಸಾಲಿಗೆ ಒಂದು ಸಲವೋ ಎರಡು ಸಲವೋ."

ಪ್ಯಾಕೆಟ್ ಎಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಒಂದು ಪ್ಯಾಕೆಟ್ಟಿನಲ್ಲಿ ಎಂಟು ಮನೆ ಇರುತ್ತದೆ ಎಂದೂ ಅವಳಿಗೆ ಗೊತ್ತಿರಲಿಲ್ಲ. ಬೆರಳಿನಿಂದಲೇ ಅಳೆದು ಸರಿಯಾದ ಗಡಿ ಹೇಳಿದ್ದಳು. ಮೂರನೆಯ ಪ್ಯಾಕೆಟ್ ಎಲ್ಲೋ ಕಳೆದುಹೋಗುತ್ತಿದೆ ಎಂದು ಅದರ ಅರ್ಥ.

"ಸರಿ ಅಕ್ಕ, ತಗೊಂಡೆ. ನೋಡ್ತೀನಿ," ಎಂದೆ. ದೂರುಗಳ ಪುಸ್ತಕದಲ್ಲಿ ಬರೆಯಲಿಲ್ಲ.

ಆದರೆ ನೋಡದೆ ಇರಲಿಲ್ಲ. ಕದ್ದು ಕೇಳುವ ಪೆಟ್ಟಿಗೆ ಸಿಕ್ಕಿಸಿ, ಗುಂಡಿ ಒತ್ತಲು ಒಂದು ಪುಟ್ಟ ಯಂತ್ರ ಇಟ್ಟು, ಎರಡು ದಿನ ಓಡಿಸಿದೆ. ಹತ್ತು ಸಾವಿರ ಸಾಲು, ಐವತ್ತು ಸಾವಿರ ಪ್ಯಾಕೆಟ್. ಎಲ್ಲದಕ್ಕೂ ನನ್ನ ಪಟ್ಟಿ ‘ಸಿಕ್ಕಿತು’ ಎಂದಿತ್ತು. ಒಂದೇ ಒಂದು ಕಳೆದಿರಲಿಲ್ಲ. ನನಗಾದ ಸಂತೋಷ ಹೇಳತೀರದು. ನನ್ನ ಕೆಲಸ ಸರಿಯಿದೆ ಎಂಬ ಸಂತೋಷ ಅದರಲ್ಲಿ ಕಾಲು ಪಾಲು, ಅವಳು ತಪ್ಪು ಎಂಬುದು ಮುಕ್ಕಾಲು.

ಅವಳು ಬಿಡಲಿಲ್ಲ. ಮೇ ತಿಂಗಳಲ್ಲಿ ಯಜಮಾನರ ಮುಂದೆಯೇ ಹೇಳಿದಳು. ಯಜಮಾನರು ನನ್ನ ಕಡೆ ತಿರುಗಿ, "ಪೇಜುನ್, ಇದು ನಿಂಗೆ ಗೊತ್ತಿತ್ತಾ?" ಎಂದರು. ಬೇರೆ ಯಾವಾಗಲಾದರೂ ಅವರು ಈ ಪ್ರಶ್ನೆಯನ್ನು ಮಾಮೂಲಿಯಾಗಿ ಕೇಳಿದ್ದರೆ ನಾನೂ ಮಾಮೂಲಿಯಾಗಿ ಉತ್ತರ ಕೊಡುತ್ತಿದ್ದೆ. ಆದರೆ ಅವರ ಒಂದು ಕೈ ಅವಳ ಕುರ್ಚಿಯ ಬೆನ್ನಿನ ಮೇಲಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಐವತ್ತು ಸಾವಿರ ಪ್ಯಾಕೆಟ್ಟುಗಳ ದಾಖಲೆಯಿದ್ದ ಕಾಗದದ ಕಟ್ಟನ್ನು ತಂದು ಧೊಪ್ಪೆಂದು ಮೇಜಿನ ಮೇಲೆ ಹಾಕಿದೆ.

"ನೋಡಿ ಯಜಮಾನ್ರೇ. ಒಂದು ತಪ್ಪು ತೋರ್ಸಿ, ನಾಳೆಯಿಂದ ಕೆಲಸಕ್ಕೆ ಬರಲ್ಲ."

"ಕಾಗದದಲ್ಲಿ ಇರ್ಲಿಕ್ಕಿಲ್ಲಮ್ಮ," ಎಂದಳು ಬಾವೊಜು ಮೆತ್ತಗೆ. "ಬೆರಳಿಗೆ ಸಿಗತ್ತೆ."

"ಹಾಗೆ ಸಿಕ್ಕಿದಾಗ ಏನ್ ಮಾಡ್ತೀರಿ ಅಕ್ಕ?"

"ಹಿಂದಕ್ಕೆ ಹೋಗಿ ಮತ್ತೆ ಓದ್ತೀನಿ."

"ಮತ್ತೆ ಓದಿದಾಗ?"

"ಸರಿ ಇರತ್ತೆ."

"ಯಂತ್ರ ಕೆಟ್ಟಿದ್ರೆ ಎರಡನೇ ಸಲಾನೂ ಕೆಟ್ಟೇ ಇರ್ಬೇಕು. ಎರಡನೇ ಸಲ ಸರಿಯಾಗಿ ಓದೋದು ಬೆರಳು." ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಮೂವತ್ತು ವರ್ಷ ಜನರ ಬೆನ್ನು ತಿಕ್ಕಿದೀರಿ. ಚರ್ಮ ದಪ್ಪ ಆಗಿರ್ಬೇಕು. ಬೇಜಾರು ಮಾಡ್ಕೊಬೇಡಿ."

ಬಾವೊಜು ಎಡಗೈಯ ತೋರುಬೆರಳನ್ನು ತನ್ನ ಕೆನ್ನೆಯ ಮೇಲೆ ಒಂದೆರಡು ಸಲ ಆಡಿಸಿ ನೋಡಿಕೊಂಡಳು. "ಇರ್ಬಹುದು," ಎಂದಳು. ಅವತ್ತು ಯಾರನ್ನೂ ನಗಿಸಲಿಲ್ಲ. ನಾನು ಲಿಫ್ಟಿನಲ್ಲಿ ಇಳಿಯುವಾಗ ಮೀನಿನ ವಾಸನೆ ಕೂಡ ಹಿತವಾಗಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಿತ್ತು.

ಈಗ ಪರೀಕ್ಷೆಯ ವಿಷಯ ಹೇಳಬೇಕು. ಅಂಗವಿಕಲರಿಗೆ ಸರ್ಕಾರಿ ಕೆಲಸಕ್ಕೆಂದು ನಡೆಯುವ ಪರೀಕ್ಷೆಯನ್ನು ಬಾವೊಜು ಹಿಂದೆ ಎರಡು ಸಲ ಬರೆದು ಎರಡೂ ಸಲ ಕೆಲವೇ ಅಂಕಗಳಿಂದ ಬಿದ್ದಿದ್ದಳು. ಅವಳಿಗೆ ಬೇಕಾಗಿದ್ದುದು ಯಾವುದಾದರೂ ಕಚೇರಿಯಲ್ಲಿ ದೂರವಾಣಿ ಮೇಜಿನ ಮುಂದಿನ ಒಂದು ಕುರ್ಚಿ. ಆಗೆಲ್ಲ ಪ್ರಶ್ನೆಪತ್ರಿಕೆಯನ್ನು ಯಾರೋ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದರು.

"ಮೊದಲನೆಯವನು ಆಕಳಿಸ್ಕೊಂಡು ಓದ್ದ," ಎಂದು ಊಟದ ಹೊತ್ತಿನಲ್ಲಿ ಹೇಳುತ್ತಿದ್ದಳು. "ಎರಡನೆಯವನು ಇನ್ನೂ ಚೆನ್ನ. ‘ಇಲ್ಲೊಂದು ಕೋಷ್ಟಕ ಇದೆ’ ಅಂದ, ಮುಂದಿನ ಪ್ರಶ್ನೆಗೆ ಹೋದ. ಏನಿದೆಯಪ್ಪಾ ಕೋಷ್ಟಕದಲ್ಲಿ ಅಂದ್ರೆ, ‘ತುಂಬಾ ಇದೆ’ ಅಂದ."

ಈ ಸಲ ಜುಲೈನಲ್ಲಿ ಮೊದಲ ಬಾರಿಗೆ ಬ್ರೈಲ್ ಪಟ್ಟಿಯ ಮೇಲೆ ಓದಿ ಬರೆಯುವ ಅವಕಾಶ ಕೊಟ್ಟಿದ್ದರು. ಹನ್ನೆರಡು ಪಟ್ಟಿ ಬೇಕೆಂದು ನಮ್ಮನ್ನೇ ಕೇಳಿದ್ದರು. ಪಟ್ಟಿ ಬೇಕೆಂದವರಲ್ಲಿ ಬಾವೊಜು ಒಬ್ಬಳು.

"ಇದೇ ಕಡೇದು," ಎಂದಿದ್ದಳು. "ಮಣಿಕಟ್ಟು ಎರಡೂ ಹೋಗಿವೆ. ಇನ್ನೆರಡು ವರ್ಷ ಹೀಗೇ ತಿಕ್ಕಿದ್ರೆ ಊಟಕ್ಕೆ ಕಡ್ಡಿ ಹಿಡಿಯೋಕೂ ಆಗಲ್ಲ. ಈ ಸಲ ನಾನೇ ಓದ್ಕೊಳ್ತೀನಲ್ಲ, ಅದೂ ನಮ್ಮ ಪೇಜುನ್ ಮಾಡಿದ್ದರ ಮೇಲೆ."

‘ನಮ್ಮ ಪೇಜುನ್’. ನಾನು ಅಷ್ಟೆಲ್ಲ ಅಂದ ಮೇಲೂ ಹಾಗೆ ಹೇಳುತ್ತಿದ್ದಳು. ಅದಕ್ಕೂ ನನಗೆ ಕೋಪವೇ ಬರುತ್ತಿತ್ತು.

ಪರೀಕ್ಷೆ ಶನಿವಾರ. ಸೋಮವಾರ ಹನ್ನೆರಡು ಪಟ್ಟಿಗಳು ಪರೀಕ್ಷೆಯ ಕಟ್ಟಡಕ್ಕೆ ಹೋಗಿ ಮೊಹರಾದವು. ಬುಧವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ನಾನು ಹಂದಿಮಾಂಸದ ತುಂಡು ಕಚ್ಚುತ್ತಾ, ಅಭ್ಯಾಸಬಲದಿಂದ ಅವಳನ್ನೇ ನೋಡುತ್ತಿದ್ದೆ. ಅವಳು ಬಲಗೈಯಲ್ಲಿ ಊಟ ಮಾಡುತ್ತಾ ಎಡಗೈಯಲ್ಲಿ ಪಟ್ಟಿಯ ಮೇಲೆ ಓದುತ್ತಿದ್ದಳು. ಆಗ ಅವಳ ಎಡ ಹೆಬ್ಬೆರಳು ಕಂಡಿತು.

ಮುಂದಿನ ಸಾಲು ಬೇಕೆಂದರೆ ಪಟ್ಟಿಯ ತುದಿಯ ಗುಂಡಿ ಒತ್ತಬೇಕು. ನಾನಾಗಲಿ ನನ್ನ ಯಂತ್ರವಾಗಲಿ ಒತ್ತಿ, ಸಾಲು ಪೂರ್ತಿ ಬಂದ ಮೇಲೆ ಇನ್ನೊಮ್ಮೆ ಒತ್ತುತ್ತಿದ್ದೆವು. ಬಾವೊಜು ಹಾಗೆ ಮಾಡುತ್ತಿರಲಿಲ್ಲ. ಬೇಡದ ಸಾಲುಗಳಿದ್ದರೆ ಹೆಬ್ಬೆರಳಿನಿಂದ ಟಕಟಕನೆ ಒತ್ತಿ ಹಾರಿಸುತ್ತಿದ್ದಳು. ಒಂದು ಸಾಲಿನ ಪ್ಯಾಕೆಟ್ಟುಗಳು ಇನ್ನೂ ಇಳಿಯುತ್ತಿರುವಾಗಲೇ ಗುಂಡಿ ಮತ್ತೆ ಒತ್ತಿರುತ್ತಿತ್ತು. ಓದು ನೀರು ಕುಡಿದಷ್ಟು ಸಲೀಸಾದವರು ಹಾಗೆ ಮಾಡುತ್ತಾರೆ. ಬೆರಳಿನಿಂದ ಒಂದು ಪದವನ್ನೂ ಓದದ ನನಗೆ ಅದು ಹೊಳೆದಿರಲಿಲ್ಲ.

ಡಬ್ಬಿ ಅಲ್ಲೇ ಬಿಟ್ಟು ನನ್ನ ಮೇಜಿಗೆ ಹೋದೆ. ಅವಳ ಹಾಗೆಯೇ ಒತ್ತಿದೆ. ಹತ್ತು ನಿಮಿಷದಲ್ಲಿ ಹದಿನೇಳರಿಂದ ಇಪ್ಪತ್ತನಾಲ್ಕರ ತನಕದ ಮನೆಗಳು ಹಳೆಯದಾಗಿಯೇ ನಿಂತವು. ಕದ್ದು ಕೇಳುವ ಪೆಟ್ಟಿಗೆ ಮಾತ್ರ ಐದಕ್ಕೆ ಐದೂ ‘ಸಿಕ್ಕಿತು’ ಎಂದು ತೋರಿಸುತ್ತಿತ್ತು. ನಾನು ಬರೆದ ಪ್ರೋಗ್ರಾಮನ್ನು ತೆರೆದು ನೋಡಿದೆ. ಬಂದ ಪ್ಯಾಕೆಟ್ಟನ್ನು ಒಳಗೆ ಇಳಿಸಿಕೊಳ್ಳಬೇಕು, ಆಮೇಲೆ ಮುಂದಿನದಕ್ಕೆ ಬಾಗಿಲು ತೆರೆಯಬೇಕು. ನಾನು ಬಾಗಿಲು ಮೊದಲು ತೆರೆದಿದ್ದೆ. ಅದೇ ಗಳಿಗೆಯಲ್ಲಿ ಗುಂಡಿಯ ಕಡೆ ಗಮನ ಹೋದರೆ, ಇಳಿಸಿಕೊಳ್ಳುವ ಮುಂಚೆ ಮುಂದಿನ ಪ್ಯಾಕೆಟ್ ಅದರ ಮೇಲೆ ಬಂದು ಬೀಳುತ್ತಿತ್ತು; ಟಕಟಕ ಒತ್ತುವ ಆ ವೇಗಕ್ಕೆ ಅದು ಮೂರನೆಯ ಪ್ಯಾಕೆಟ್ಟಿನ ಹೊತ್ತಿಗೇ ಆಗುತ್ತಿತ್ತು. ತಂತಿಯ ಮೇಲೆ ಮಾತ್ರ ಸಿಕ್ಕಿತು ಎಂದು ಹೇಳಿಯಾಗಿರುತ್ತಿತ್ತು. ಸಿಕ್ಕಿತು ಎಂದವರಿಗೆ ಕಂಪ್ಯೂಟರ್ ಮತ್ತೆ ಯಾಕೆ ಕಳಿಸುತ್ತದೆ? ಪ್ರೋಗ್ರಾಮಿನ ಆ ಎರಡು ಆಜ್ಞೆಗಳನ್ನು ಹಿಂದುಮುಂದು ಮಾಡಿದೆ. ಸರಿಹೋಯಿತು.

ಮೂರು ದಿನ ಕೈಯಲ್ಲಿತ್ತು. ಯಜಮಾನರಿಗೆ ಹೇಳಿದ್ದರೆ ಅವರು ಪರೀಕ್ಷೆಯವರ ಕಾಲು ಹಿಡಿದಾದರೂ ಮೊಹರು ಬಿಚ್ಚಿಸುತ್ತಿದ್ದರು. ಪಟ್ಟಿಗೆ ಐದು ನಿಮಿಷದ ಕೆಲಸ, ಹನ್ನೆರಡಕ್ಕೆ ಒಂದು ಗಂಟೆ. ಅವರ ಕೋಣೆಯ ಬಾಗಿಲ ತನಕ ಹೋದೆ. ಒಳಗೆ ಬಾವೊಜು ಇದ್ದಳು. ಯಜಮಾನರು ಪೇರಲೆ ಹಣ್ಣು ಹೆಚ್ಚಿ ಅವಳಿಗೆ ಕೊಡುತ್ತಿದ್ದರು.

"ಪರೀಕ್ಷೆ ಮುಗೀಲಿ," ಎನ್ನುತ್ತಿದ್ದರು. "ನೀನು ಪಾಸಾಗಿ ಹೋದ್ರೆ ನನ್ನ ಕಂಪನಿ ಗತಿ ಏನು ಅಂತ ಯೋಚ್ನೆ ನಂಗೆ. ನಿನ್ನಂಥವರು ಇನ್ನೊಬ್ಬರು ಸಿಗ್ತಾರಾ?"

"ಪೇಜುನ್ ಇದಾಳಲ್ಲ."

"ಪೇಜುನ್ ಇದಾಳೆ ಬಿಡು," ಎಂದರು ಅವರು, ಮೂಲೆಯ ಪೊರಕೆಯ ಬಗ್ಗೆ ಹೇಳುವ ಹಾಗೆ.

ನಾನು ತಿರುಗಿ ಬಂದೆ. ಸರಿಮಾಡಿದ್ದನ್ನು ಮುಂದೆ ತಯಾರಾಗುವ ಪಟ್ಟಿಗಳಿಗೆ ಹಾಕಿಟ್ಟೆ. ಯಾರಿಗೂ ಹೇಳಲಿಲ್ಲ.

ಶನಿವಾರ, ಯಂತ್ರ ಕೆಟ್ಟರೆ ನೋಡಿಕೊಳ್ಳಲಿ ಎಂದು ಯಜಮಾನರು ನನ್ನನ್ನೇ ಪರೀಕ್ಷೆಯ ಕಟ್ಟಡಕ್ಕೆ ಕಳಿಸಿದರು. ಸೆಕೆ ಬಡಿಯುತ್ತಿತ್ತು. ನನಗೆ ಓಣಿಯಲ್ಲಿ ಒಂದು ಕುರ್ಚಿ, ಬಾಗಿಲಿನ ಗಾಜಿನಿಂದ ಕೋಣೆ ಕಾಣುತ್ತಿತ್ತು. ಹನ್ನೆರಡು ಮೇಜು. ಬಾವೊಜು ಕಿಟಕಿಯ ಪಕ್ಕದಲ್ಲಿ, ಹೊಸ ತಿಳಿನೀಲಿ ಅಂಗಿ ತೊಟ್ಟು ಕೂತಿದ್ದಳು. ಮೊದಲ ಅರ್ಧ ಗಂಟೆ ಅವಳ ಕೈ ಸರಾಗವಾಗಿ ಓಡಿತು. ಆಮೇಲೆ ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಬಂತು. ಮತ್ತೆ ಓಡಿತು, ಮತ್ತೆ ನಿಂತಿತು. ಅವಳು ತೋರುಬೆರಳನ್ನು ಅಂಗಿಗೆ ಒರೆಸಿಕೊಂಡಳು. ಕೈ ಎತ್ತಿದಳು.

ಮೇಲ್ವಿಚಾರಕರು, ಕನ್ನಡಕದ ಒಬ್ಬ ಹಿರಿಯರು, ಹೋಗಿ ಬಗ್ಗಿ ಕೇಳಿಸಿಕೊಂಡರು. ಬಂದು ನನ್ನನ್ನು ಒಳಗೆ ಕರೆದರು. ದಾರಿಯಲ್ಲೇ ಪಿಸುಮಾತಿನಲ್ಲಿ ಹೇಳಿದರು. "ಯಂತ್ರದಲ್ಲಿ ದೋಷ ಇದ್ರೆ ನೀವು ಸಹಿ ಹಾಕಿ. ಯಂತ್ರ ಸರಿಮಾಡಿಸಿ, ಅವರಿಗೆ ಕಳ್ಕೊಂಡ ಹೊತ್ತು ಪೂರ್ತಿ ಕೊಡೋಕೆ ನಿಯಮ ಇದೆ. ಇಲ್ಲದಿದ್ರೆ ಇಲ್ಲ."

ನಾನು ಮೇಜಿನ ಪಕ್ಕ ನಿಂತೆ. ಪಟ್ಟಿಯ ಮೇಲಿನ ಸಾಲನ್ನೂ ಪರದೆಯನ್ನೂ ಹೋಲಿಸಿದೆ. ಅವಳು ಮತ್ತೆ ತರಿಸಿಕೊಂಡ ಸಾಲು, ಸರಿಯಾಗಿಯೇ ಇತ್ತು. ಕಾಗದ ನನ್ನ ಕೈಯಲ್ಲಿತ್ತು, ಪೆನ್ನೂ ಇತ್ತು. ಒಂದು ಮಾತು ಹೇಳಿದರೆ ಸಾಕಿತ್ತು. ಆಗ ನನ್ನ ತಲೆಯಲ್ಲಿ ಬಂದದ್ದು ಏನು ಗೊತ್ತೇ? ಸೋಮವಾರ ಬೆಳಿಗ್ಗೆ ಯಜಮಾನರು ಇಪ್ಪತ್ತಾರು ಜನರ ಮುಂದೆ, ‘ಬಾವೊಜು ಏಪ್ರಿಲ್‌ನಲ್ಲೇ ಹೇಳಿದ್ಲು’ ಎನ್ನುತ್ತಾರೆ. ಅಷ್ಟೇ ಬಂತು. ಬೇರೇನೂ ಬರಲಿಲ್ಲ.

"ಯಂತ್ರ ಸರಿಯಾಗಿದೆ," ಎಂದೆ.

ಅವಳು ತಲೆ ಎತ್ತಿದಳು. "ಪೇಜುನ್, ನೀನಾ?"

"ಹೂಂ ಅಕ್ಕ."

"ನೀನೇ ನೋಡಿದ್ಯಾ?"

"ನಾನೇ ನೋಡ್ದೆ."

"ಹಾಗಾದ್ರೆ ಸರಿ ಬಿಡು. ನನ್ನ ಬೆರಳೇ." ಮೇಲ್ವಿಚಾರಕರ ಕಡೆ ತಿರುಗಿ, "ತೊಂದ್ರೆ ಕೊಟ್ಟೆ, ಕ್ಷಮ್ಸಿ ಮೇಷ್ಟ್ರೇ," ಎಂದಳು.

ಆಮೇಲೆ ಅವಳು ಪ್ರತಿ ಸಾಲನ್ನೂ ಎರಡೆರಡು ಸಲ ಓದಲು ಶುರು ಮಾಡಿದಳು. ಗಂಟೆ ಬಾರಿಸಿದಾಗ ಕಡೆಯ ಹತ್ತು ಪ್ರಶ್ನೆ ಉಳಿದಿತ್ತು ಎಂದು ಅವಳೇ ಹೇಳಿದಳು. ಫಲಿತಾಂಶ ಸೆಪ್ಟೆಂಬರಿನಲ್ಲಿ ಬಂತು. ನಾಲ್ಕು ಅಂಕಗಳಿಂದ ಹೋಗಿತ್ತು.

ಫಲಿತಾಂಶ ಬಂದ ವಾರ ಅನಾನಸಿನ ಕೇಕಿನ ಡಬ್ಬಿ ಹಿಡಿದು ಬಂದಳು. ಎಲ್ಲರಿಗೂ ಹಂಚಿದಳು. ಬೆರಳು ಹೋದವಳು ಇನ್ನೊಬ್ಬರ ಕೆಲಸ ತೂಗಿ ನೋಡುವುದು ತಪ್ಪು, ಇನ್ನು ಬರುವುದಿಲ್ಲ ಎಂದಳು. ಯಜಮಾನರು ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಮರುದಿನದಿಂದ ಅವರು ಬೆಳಿಗ್ಗೆ ಬಂದು ನನ್ನ ಮೇಜಿನ ಪಕ್ಕ ನಿಲ್ಲತೊಡಗಿದರು. ಬನ್ನಿನ ಬುಟ್ಟಿ ಬಂದರೆ ಮೊದಲನೆಯದು ನನಗೆ. ಹದಿನಾರನೆಯ ದಿನ ಎರಡನೆಯ ಊದುಬತ್ತಿ ನನ್ನ ಕೈಗೆ ಬಂತು. ಬೇಕಾದದ್ದೆಲ್ಲ ಸಿಕ್ಕಿತು. ಆದರೂ ಅವಳ ಖಾಲಿ ಕುರ್ಚಿಯನ್ನು ಒಬ್ಬರೂ ಬಳಸುತ್ತಿರಲಿಲ್ಲ. ಹಾದುಹೋಗುವಾಗ ಅದರ ಬೆನ್ನನ್ನು ಸವರಿಕೊಂಡು ಹೋಗುತ್ತಿದ್ದರು. ನನಗೆ ಆ ಕುರ್ಚಿಯ ಮೇಲೂ ಹೊಟ್ಟೆಕಿಚ್ಚು.

ನವೆಂಬರಿನಲ್ಲಿ ನನ್ನ ಕತ್ತು ಹಿಡಿದುಕೊಂಡಿತು. ಬೇಕಾದಷ್ಟು ಮಾಲೀಸಿನ ಅಂಗಡಿಗಳಿದ್ದರೂ ವಾನ್‌ಹುವಾಕ್ಕೇ ಹೋದೆ. ಯಾಕೆ ಹೋದೆ ಎಂದು ನನ್ನನ್ನು ಕೇಳಬೇಡಿ. ತೂತಿನಲ್ಲಿ ಮುಖ ಇಟ್ಟು ಬೋರಲು ಮಲಗುವ ಮಂಚ. ಮಲಗಿದರೆ ನೆಲ ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ನಾನು ಬಾಯಿ ಬಿಟ್ಟಿರಲಿಲ್ಲ, ಅವಳು ಹೆಗಲಿಗೆ ಕೈ ಇಟ್ಟ ಕೂಡಲೇ, "ಪೇಜುನ್," ಎಂದಳು. "ಎಂಜಿನಿಯರುಗಳ ಹೆಗಲೆಲ್ಲ ಕಲ್ಲು ಕಣೇ. ನಿಂದು ಬಂಡೆ."

ಅವಳ ಕೈ ನನ್ನ ಕತ್ತಿನ ಗಂಟನ್ನು ಸೀದಾ ಹುಡುಕಿತು. ನೋವಿಗೆ ಕಣ್ಣಲ್ಲಿ ನೀರು ಬಂತು.

"ಒಂದು ಮಾತು ನಿಂಗೆ ಹೇಳ್ಬೇಕು ಅಂತಿದ್ದೆ," ಎಂದಳು. "ಕಣ್ಣಿಲ್ಲದೋಳು ಅಂತ ಎಲ್ರೂ ನಂಗೆ ಹೂಂ ಹೂಂ ಅಂತಾರೆ. ನಿಮ್ಮ ಯಜಮಾನ್ರೂ ಅಷ್ಟೇ, ಹಣ್ಣು ಹೆಚ್ಚಿ ಕೊಡ್ತಾರೆ. ನೀನೊಬ್ಬಳೇ ಮುಖಕ್ಕೆ ಹೊಡೆದ ಹಾಗೆ ಹೇಳ್ದೆ. ಆಗ ಉರಿದೋಯ್ತು ನಿಜ. ಈಗ ಅನ್ಸತ್ತೆ, ನಿಜ ಹೇಳೋರು ಒಬ್ರಾದ್ರೂ ಇದ್ರಲ್ಲ ಅಂತ."

ಇದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಅವಳು ಬೈದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ನೆಲ ನೋಡುತ್ತಲೇ ಹೇಳಿದೆ. ಹೆಬ್ಬೆರಳು ಕಂಡದ್ದು, ಬಾಗಿಲು ಮೊದಲು ತೆರೆದದ್ದು, ಸರಿಮಾಡಿ ಸುಮ್ಮನಿದ್ದದ್ದು, ಪರೀಕ್ಷೆಯ ಕೋಣೆಯಲ್ಲಿ ಸುಳ್ಳು ಹೇಳಿದ್ದು. ಒಂದನ್ನೂ ಬಿಡಲಿಲ್ಲ. ಅವಳ ಕೈ ನನ್ನ ಬೆನ್ನ ಮೇಲೆ ನಿಂತುಬಿಟ್ಟಿತು.

"ಯಾವತ್ತು ಗೊತ್ತಾಯ್ತು ನಿಂಗೆ?"

"ಬುಧವಾರ."

"ಪರೀಕ್ಷೆ ಶನಿವಾರ."

"ಹೂಂ."

ನಿಂತಿದ್ದ ಕೈಯ ತೋರುಬೆರಳನ್ನು ನನ್ನ ಬೆನ್ನ ಮೇಲೆ ಒಮ್ಮೆ ಆಡಿಸಿದಳು. ಆಮೇಲೆ ನಕ್ಕಳು. ಅವಳ ಕತ್ತು ಎಡಕ್ಕೆ ವಾಲಿತೆಂದು ನೋಡದೆಯೇ ನನಗೆ ಗೊತ್ತಾಯಿತು. "ಅಂದ್ರೆ ನನ್ನ ಬೆರಳಿಗೆ ಏನೂ ಆಗಿಲ್ಲ," ಎಂದಳು. "ಅಯ್ಯೋ ದೇವರೇ, ನನ್ನ ಬೆರಳಿಗೆ ಏನೂ ಆಗಿಲ್ಲ." ಎರಡು ತಿಂಗಳಿಂದ ಮನೆಯಲ್ಲಿ ಪುಸ್ತಕ ಮುಟ್ಟಿಲ್ಲವಂತೆ. ಅವತ್ತೇ ರಾತ್ರಿ ಓದುತ್ತಾಳಂತೆ. ಅಷ್ಟು ಕೇಡು ಮಾಡಿದವಳು ಕೈಯ ಕೆಳಗೇ ಮಲಗಿದ್ದರೂ ಅವಳಿಗೆ ಮೊದಲು ಬಂದದ್ದು ಸಂತೋಷ. ನಾನು ನನ್ನ ಜನ್ಮದಲ್ಲಿ ಯಾವುದಕ್ಕೂ ಹಾಗೆ ಸಂತೋಷಪಟ್ಟವಳಲ್ಲ. ಆ ನಗುವನ್ನು ಕೇಳಿ, ಆಗಲೂ, ಆ ಮಂಚದ ಮೇಲೂ, ನನಗೆ ಹೊಟ್ಟೆ ಉರಿಯಿತು.

ನಗು ನಿಂತಿತು.

"ಮಿಕ್ಕ ಹನ್ನೊಂದು ಜನಕ್ಕೆ ಹೇಳಿದ್ಯಾ?"

"ಯಾವ ಹನ್ನೊಂದು ಜನ ಅಕ್ಕ?" ಎಂದೆ.

ನಟಿಸಲಿಲ್ಲ. ನಿಜಕ್ಕೂ ನನಗೆ ಅರ್ಥವಾಗಿರಲಿಲ್ಲ.

"ಆ ಕೋಣೇಲಿ ಹನ್ನೆರಡು ಜನ ಇದ್ವಿ ಪೇಜುನ್," ಎಂದಳು ಅವಳು ನಿಧಾನವಾಗಿ. "ಹ್ವಾಲಿಯನ್‌ನಿಂದ ಬಂದಿದ್ದ ಗಂಡಸು ನನಗಿಂತ ವೇಗವಾಗಿ ಓದ್ತಾನೆ. ನನ್ನ ಹಿಂದಿನ ಮೇಜಿನ ಹೆಂಗಸು ಆ ಪರೀಕ್ಷೆ ಬರೆಯೋಕೆ ಅಂತ ಇದ್ದ ಕೆಲಸ ಬಿಟ್ಟು ಬಂದಿದ್ಲು. ಅವ್ರು ಯಾರೂ ಕೈ ಎತ್ತಲಿಲ್ಲ, ಯಾಕೆ ಗೊತ್ತಾ? ನಾನು ಎತ್ತಿದ್ದಕ್ಕೆ ನೀನು ಯಂತ್ರ ಸರಿಯಾಗಿದೆ ಅಂದಿದ್ದನ್ನ ಅವರೆಲ್ಲ ಕೇಳಿಸ್ಕೊಂಡಿದ್ರು. ಅಷ್ಟೂ ಜನ ನನ್ನ ಹಾಗೇ ಮನೆಗೆ ಹೋಗಿ ಬೆರಳು ಹೋಯ್ತು ಅಂದ್ಕೊಂಡು ಕೂತಿದಾರೆ."

ಬೆನ್ನ ಮೇಲಿಂದ ಕೈ ತೆಗೆದಳು. ಆ ಶನಿವಾರ ಬೆಳಗಿನಿಂದ ಮಧ್ಯಾಹ್ನದ ತನಕ ನಾನು ಗಾಜಿನ ಹಿಂದೆ ಕೂತು ಆ ಕೋಣೆಯನ್ನೇ ನೋಡಿದ್ದೆ. ಅವರಲ್ಲಿ ಒಬ್ಬರ ಮುಖ ನೆನಪಿಗೆ ತಂದುಕೊಳ್ಳಲು ನೋಡಿದೆ. ತಿಳಿನೀಲಿ ಅಂಗಿ ಬಿಟ್ಟರೆ ಏನೂ ಬರಲಿಲ್ಲ.

"ನಿಮ್ಮ ಯಜಮಾನ್ರ ನಂಬರು ನಂಗೆ ಬಾಯಿಪಾಠ ಇದೆ," ಎಂದಳು ಬಾವೊಜು. "ನೀನು ಏಳ್ಬೇಡ. ಇನ್ನೂ ಅರ್ಧ ಗಂಟೆ ಬಾಕಿ ಇದೆ, ಬಂದು ಮುಗಿಸ್ತೀನಿ."

ಮಂಚದ ತೂತಿನಿಂದ ಅವಳ ಚಪ್ಪಲಿಗಳು ಫೋನಿನ ಕಡೆಗೆ ಹೋಗುವುದು ಕಾಣಿಸಿತು.